ಎಚ್‌ಎಂಎಸ್ ಶೆಫೀಲ್ಡ್: ಕೆಲವು ನಿಮಿಷಗಳಲ್ಲಿ ಏಟು ತಿಂದ ಹಡಗು, ಮೂವತ್ತೈದು ವರ್ಷ ಇತ್ಯರ್ಥವಾಗದ ಹೆಸರು

2022ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ರಷ್ಯಾದ ಮಾಸ್ಕ್ವಾ ಯುದ್ಧನೌಕೆ ಮುಳುಗಿತು. 2024ರ ಜನವರಿಯಲ್ಲಿ ಏಡನ್ ಕೊಲ್ಲಿಯಲ್ಲಿ ಯೆಮನ್‌ನ ಹೌತಿ ಬಂಡುಕೋರರ ಕ್ಷಿಪಣಿ ತಾಗಿ ಮಾರ್ಲಿನ್ ಲುವಾಂಡಾ ಎಂಬ ತೈಲ ಹಡಗು ಹೊತ್ತಿಕೊಂಡಾಗ ಅದರಲ್ಲಿದ್ದ ಸಿಬ್ಬಂದಿಯಲ್ಲಿ 22 ಮಂದಿ ಭಾರತೀಯರಿದ್ದರು. ಬೆಂಕಿ ಆರಿಸಲು ನೆರವಿಗೆ ಧಾವಿಸಿದ್ದು ನಮ್ಮ ನೌಕಾಪಡೆಯ ಡೆಸ್ಟ್ರಾಯರ್ ಐಎನ್‌ಎಸ್ ವಿಶಾಖಪಟ್ಟಣಂ. ಇಂಥ ಸುದ್ದಿ ಓದಿದವರಿಗೆ ಸಹಜವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ರೇಡಾರು, ತೋಪು, ಕ್ಷಿಪಣಿ ಎಲ್ಲವನ್ನೂ ಹೊತ್ತ ಯುದ್ಧನೌಕೆಗೆ ತನ್ನತ್ತ ಬರುವ ಒಂದು ಕ್ಷಿಪಣಿಯನ್ನು ತಡೆಯಲು ಯಾಕೆ ಆಗುವುದಿಲ್ಲ? ಹಡಗು ಹೋದ ಮೇಲೆ ಅದರ ಕ್ಯಾಪ್ಟನ್‌ನ ಗತಿ ಏನು?

ಎರಡಕ್ಕೂ ಒಟ್ಟಿಗೆ ಉತ್ತರ ಹುಡುಕಲು ಹೊರಟವರು ಸಾಮಾನ್ಯವಾಗಿ ಬಂದು ನಿಲ್ಲುವುದು 1982ರ ಮೇ 4ರಂದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಏಟು ತಿಂದ ಬ್ರಿಟಿಷ್ ಡೆಸ್ಟ್ರಾಯರ್ ಎಚ್‌ಎಂಎಸ್ ಶೆಫೀಲ್ಡ್‌ನ ಪ್ರಕರಣಕ್ಕೆ. ಎರಡನೇ ಮಹಾಯುದ್ಧದ ನಂತರ ಶತ್ರುವಿನ ದಾಳಿಗೆ ಸಿಕ್ಕಿ ಬ್ರಿಟನ್ ಕಳೆದುಕೊಂಡ ಮೊದಲ ಯುದ್ಧನೌಕೆ ಅದು. ಅದರ ಕ್ಯಾಪ್ಟನ್ ಹೆಸರು ಸ್ಯಾಮ್ ಸಾಲ್ಟ್.

ಡೆಸ್ಟ್ರಾಯರ್ ಅಂದರೆ ಎಂಥ ಹಡಗು

ಹೆಸರು ಕೇಳಿದರೆ ಕಂಡದ್ದನ್ನೆಲ್ಲ ನಾಶಮಾಡುವ ಹಡಗು ಎನಿಸುತ್ತದೆ. ನಿಜದಲ್ಲಿ ಅದು ಕಾವಲಿನ ಹಡಗು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟಾರ್ಪಿಡೊ ಹೊತ್ತ ಪುಟ್ಟ ದೋಣಿಗಳು ಭಾರಿ ಯುದ್ಧನೌಕೆಗಳಿಗೆ ಕಂಟಕವಾದಾಗ, ಆ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಮುಗಿಸಲೆಂದೇ ವೇಗದ ಹಡಗುಗಳನ್ನು ಕಟ್ಟಿದರು. ‘ಟಾರ್ಪಿಡೊ ದೋಣಿಗಳ ಧ್ವಂಸಕ’ ಎಂಬ ಉದ್ದ ಹೆಸರು ಸವೆದು ಸವೆದು ಡೆಸ್ಟ್ರಾಯರ್ ಎಂದಷ್ಟೇ ಉಳಿಯಿತು. ಕಾಲ ಬದಲಾದಂತೆ ಶತ್ರು ಬದಲಾಯಿತು, ಮೊದಲು ಜಲಾಂತರ್ಗಾಮಿ, ಆಮೇಲೆ ವಿಮಾನ, ಈಗ ಕ್ಷಿಪಣಿ. ಕೆಲಸ ಮಾತ್ರ ಅದೇ. ಜಾತ್ರೆಯಲ್ಲಿ ತೇರು ಎಳೆಯುವಾಗ ಮುಂದೆ ಮುಂದೆ ದಾರಿ ನೋಡುತ್ತ, ಜನರನ್ನು ಸರಿಸುತ್ತ ಹೋಗುವವರಿರುತ್ತಾರಲ್ಲ, ನೌಕಾಪಡೆಯಲ್ಲಿ ಡೆಸ್ಟ್ರಾಯರ್‌ನ ಜಾಗ ಅಂಥದ್ದು. ತೇರಿನ ಜಾಗದಲ್ಲಿ ವಿಮಾನವಾಹಕ ನೌಕೆ ಇರುತ್ತದೆ. ಏನಾದರೂ ಬಂದರೆ ಮೊದಲು ಎದುರಾಗಬೇಕಾದದ್ದು ಕಾವಲಿನವರಿಗೇ.

ಶೆಫೀಲ್ಡ್ ‘ಟೈಪ್ 42’ ಎಂಬ ವರ್ಗದ ಮೊದಲ ಹಡಗು. ಉದ್ದ 125 ಮೀಟರ್, ಅಂದರೆ ಹತ್ತು ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು. ತೂಕ ಸುಮಾರು 4,100 ಟನ್. ಒಳಗಿದ್ದವರು ಸುಮಾರು 280 ಮಂದಿ. 1971ರ ಜೂನ್‌ನಲ್ಲಿ ಎರಡನೇ ಎಲಿಜಬೆತ್ ರಾಣಿ ಅದನ್ನು ನೀರಿಗಿಳಿಸಿದರು, 1975ರಲ್ಲಿ ಅದು ನೌಕಾಪಡೆ ಸೇರಿತು. ಕಟ್ಟುತ್ತಿದ್ದಾಗಲೇ ಒಂದು ಸ್ಫೋಟವಾಗಿ ಇಬ್ಬರು ಕೆಲಸಗಾರರು ಸತ್ತಿದ್ದರು, ಒಡಲಿನ ಒಂದು ಭಾಗ ಹಾಳಾಗಿತ್ತು. ಅದೇ ಹಡಗುಕಟ್ಟೆಯಲ್ಲಿ ಅದೇ ಮಾದರಿಯ ಇನ್ನೊಂದು ಹಡಗು ಸಿದ್ಧವಾಗುತ್ತಿದ್ದುದರಿಂದ ಅದಕ್ಕೆಂದು ಮಾಡಿಟ್ಟಿದ್ದ ಭಾಗವನ್ನು ತಂದು ಇಲ್ಲಿ ಜೋಡಿಸಿದರು. ಆ ಇನ್ನೊಂದು ಹಡಗನ್ನು ಕೊಳ್ಳಲಿದ್ದ ದೇಶ ಅರ್ಜೆಂಟೀನಾ. ಹತ್ತು ವರ್ಷ ಕಳೆದು ಶೆಫೀಲ್ಡ್‌ಗೆ ಕ್ಷಿಪಣಿ ಹೊಡೆದದ್ದೂ ಅದೇ ಅರ್ಜೆಂಟೀನಾ.

ಯಾವ ಯುದ್ಧ

ಅರ್ಜೆಂಟೀನಾದ ಪೂರ್ವಕ್ಕಿರುವ ಫಾಕ್‌ಲ್ಯಾಂಡ್ ದ್ವೀಪಗಳು ಬ್ರಿಟನ್ನಿನ ವಶದಲ್ಲಿವೆ, ಅರ್ಜೆಂಟೀನಾ ಅವುಗಳನ್ನು ಮಾಲ್ವಿನಾಸ್ ಎಂದು ಕರೆದು ತನ್ನವೆನ್ನುತ್ತದೆ. 1982ರ ಏಪ್ರಿಲ್ 2ರಂದು ಅರ್ಜೆಂಟೀನಾ ಸೈನಿಕರು ಅಲ್ಲಿಗೆ ಇಳಿದರು. ಬ್ರಿಟನ್ ಹಡಗುಗಳ ದಂಡನ್ನೇ ಕಳಿಸಿತು. ಶೆಫೀಲ್ಡ್ ಆಗ ಗಲ್ಫ್ ಕಡೆಯ ತಿಂಗಳುಗಟ್ಟಲೆಯ ಗಸ್ತು ಮುಗಿಸಿ ಮನೆಗೆ ಮರಳಬೇಕಿತ್ತು, ದಾರಿಯಲ್ಲೇ ಅದನ್ನು ದಕ್ಷಿಣಕ್ಕೆ ತಿರುಗಿಸಿದರು. ದಂಡಿನ ಮುಖ್ಯ ನೌಕೆ ಎಚ್‌ಎಂಎಸ್ ಹರ್ಮೀಸ್ ಎಂಬ ವಿಮಾನವಾಹಕ. ಆ ಹೆಸರು ನಮಗೆ ಪರಿಚಯವಿಲ್ಲ ಅನ್ನಿಸಬಹುದು, ಆದರೆ ಭಾರತ ಅದನ್ನೇ ಕೊಂಡು, ಐಎನ್‌ಎಸ್ ವಿರಾಟ್ ಎಂದು ಹೆಸರಿಟ್ಟು, 1987ರಿಂದ 2017ರವರೆಗೆ ನಡೆಸಿತು.

ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿಯೊಂದು ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೊ ಎಂಬ ಕ್ರೂಸರ್ ಹಡಗನ್ನು ಮುಳುಗಿಸಿತು, 323 ಮಂದಿ ಸತ್ತರು. ಎರಡೇ ದಿನಕ್ಕೆ ಶೆಫೀಲ್ಡ್‌ನ ಸರದಿ ಬಂತು.

ರೇಡಾರ್ ಇದ್ದೂ ಕಾಣದಿದ್ದದ್ದು ಹೇಗೆ

ಮಲ್ಪೆಯ ದಡದಲ್ಲಿ ನಿಂತು ದೂರದಿಂದ ಬರುವ ಬೋಟನ್ನು ಗಮನಿಸಿದವರಿಗೆ ಇದು ಗೊತ್ತಿರುತ್ತದೆ. ಮೊದಲು ಕಾಣುವುದು ಕಂಬದ ತುದಿ, ಆಮೇಲೆ ಕ್ಯಾಬಿನ್, ಕೊನೆಗೆ ಒಡಲು. ಭೂಮಿ ಗುಂಡಗಿರುವುದರಿಂದ ಕೆಳಗಿರುವುದು ಕಡಲಿನ ಗೆರೆಯ ಆಚೆ ಅಡಗಿರುತ್ತದೆ. ರೇಡಾರ್ ಎಂದರೆ ರೇಡಿಯೊ ಅಲೆಗಳನ್ನು ಬಿಟ್ಟು, ಯಾವುದಕ್ಕಾದರೂ ತಾಗಿ ಮರಳಿ ಬಂದ ಅಲೆಯಿಂದ ಅಲ್ಲೇನೋ ಇದೆ ಎಂದು ತಿಳಿಯುವ ಯಂತ್ರ. ಆ ಅಲೆಗಳೂ ಬಹುಮಟ್ಟಿಗೆ ನೇರವಾಗಿಯೇ ಹೋಗುತ್ತವೆ, ಆದ್ದರಿಂದ ಕಣ್ಣಿಗಿರುವ ಮಿತಿ ಹೆಚ್ಚುಕಡಿಮೆ ಅದಕ್ಕೂ ಇದೆ.

ಲೆಕ್ಕ ಹಾಕಿ ನೋಡೋಣ. ಹಡಗಿನ ಕಂಬದ ಮೇಲೆ, ನೀರಿನಿಂದ 25 ಮೀಟರ್ ಎತ್ತರದಲ್ಲಿ ರೇಡಾರ್ ಇದೆ ಎಂದುಕೊಂಡರೆ, ನೀರಿನ ಮೇಲೆ ಮೂರು ಮೀಟರ್ ಎತ್ತರದಲ್ಲಿ ಬರುವ ಕ್ಷಿಪಣಿ ಅದಕ್ಕೆ ಕಾಣಲು ಸಾಧ್ಯವಾಗುವುದು ಸುಮಾರು 27 ಕಿಲೋಮೀಟರ್ ಹತ್ತಿರ ಬಂದ ಮೇಲೆಯೇ. ಆ ಕ್ಷಿಪಣಿ ಸೆಕೆಂಡಿಗೆ 300 ಮೀಟರ್ ದಾಟುತ್ತಿದ್ದರೆ ಹಡಗಿಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ನಿಮಿಷ. ಇದೂ ರೇಡಾರ್ ಹೊಚ್ಚಹೊಸದಾಗಿದ್ದು, ಕಡಲಿನ ಅಲೆಗಳ ಗದ್ದಲದಲ್ಲಿ ಪುಟ್ಟ ಚುಕ್ಕೆಯನ್ನು ಹೆಕ್ಕಬಲ್ಲ ಜಾಣತನ ಅದಕ್ಕಿದ್ದರೆ ಮಾತ್ರ. ಶೆಫೀಲ್ಡ್‌ನ ಮುಖ್ಯ ಶೋಧಕ ರೇಡಾರ್ ಹಳೆಯ ಕಾಲದ್ದು. ಎತ್ತರದಲ್ಲಿ ಹಾರುವ ವಿಮಾನಗಳನ್ನು ದೂರದಿಂದ ಪತ್ತೆಮಾಡಲು ಅದು ಚೆನ್ನಾಗಿತ್ತು, ನೀರಿಗೆ ಅಂಟಿಕೊಂಡು ಬರುವುದನ್ನು ಹಿಡಿಯುವುದು ಅದರಿಂದ ಕಷ್ಟ. ಹಡಗಿನಲ್ಲಿದ್ದ ಸೀ ಡಾರ್ಟ್ ಕ್ಷಿಪಣಿಗಳೂ ಎತ್ತರದ ಗುರಿಗೆಂದು ಮಾಡಿದಂಥವು.

ಮಹಡಿ ಹತ್ತಿದರೆ ಹೆಚ್ಚು ದೂರ ಕಾಣುವ ಹಾಗೆ, ಈ ಕೊರತೆ ನೀಗಲು ರೇಡಾರನ್ನೇ ವಿಮಾನದಲ್ಲಿಟ್ಟು ಮೇಲೆ ಹಾರಿಸಬೇಕು. ಬ್ರಿಟನ್‌ಗೆ ಅಂಥ ವಿಮಾನಗಳಿದ್ದವು, ಅವುಗಳನ್ನು ಹೊತ್ತ ಆರ್ಕ್ ರಾಯಲ್ ಎಂಬ ದೊಡ್ಡ ವಿಮಾನವಾಹಕ ನೌಕೆಯನ್ನು 1970ರ ದಶಕದ ಕೊನೆಯಲ್ಲಿ ನಿವೃತ್ತಿಗೊಳಿಸಿದಾಗ ನೌಕಾಪಡೆ ಅವನ್ನೂ ಕಳೆದುಕೊಂಡಿತು. ದಕ್ಷಿಣಕ್ಕೆ ಹೋದ ದಂಡಿಗೆ ಆಕಾಶದಲ್ಲಿ ಕಣ್ಣಿರಲಿಲ್ಲ, ಹಾಗಾಗಿ ಮೂರು ಟೈಪ್ 42 ಹಡಗುಗಳನ್ನು, ಅಂದರೆ ಶೆಫೀಲ್ಡ್, ಗ್ಲ್ಯಾಸ್ಗೊ, ಕವೆಂಟ್ರಿಗಳನ್ನು, ದಂಡಿನ ಮುಂದೆ ದೂರದಲ್ಲಿ ಕಾವಲಿಗೆ ನಿಲ್ಲಿಸಿದ್ದರು.

ಕಣ್ಣು ಸೋತಲ್ಲಿ ಕಿವಿ

ಕಾಣದಿದ್ದರೂ ಕೇಳಿಸಿಕೊಳ್ಳುವ ದಾರಿಯೊಂದಿದೆ. ಕತ್ತಲಲ್ಲಿ ಅಡಿಕೆ ತೋಟದೊಳಗೆ ಯಾರೋ ಬ್ಯಾಟರಿ ಹಾಕಿಕೊಂಡು ಏನನ್ನೋ ಹುಡುಕುತ್ತಿದ್ದಾರೆ ಎಂದುಕೊಳ್ಳಿ. ಆ ಬೆಳಕಿನಲ್ಲಿ ನೀವು ಅವರಿಗೆ ಕಾಣುವ ಮೊದಲೇ ಆ ಬೆಳಕು ನಿಮಗೆ ಕಂಡಿರುತ್ತದೆ. ದಾಳಿಗೆ ಬರುವ ವಿಮಾನ ಗುರಿ ಹುಡುಕಲು ತನ್ನ ರೇಡಾರನ್ನು ಒಂದು ಗಳಿಗೆಯಾದರೂ ಹಚ್ಚಲೇಬೇಕು. ಹಚ್ಚಿದರೆ ಅದರ ಅಲೆ ಹಡಗನ್ನು ತಲುಪುತ್ತದೆ. ಆ ಅಲೆಯನ್ನು ಹಿಡಿದು ಇದು ಯಾವ ಬಗೆಯ ರೇಡಾರ್, ಯಾವ ದಿಕ್ಕಿನಿಂದ ಬಂತು ಎಂದು ಹೇಳುವ ಆಲಿಸುವ ಯಂತ್ರ ಟೈಪ್ 42 ಹಡಗುಗಳಲ್ಲಿತ್ತು.

ತೊಡಕಿದ್ದದ್ದು ಇನ್ನೊಂದು ಉಪಕರಣದಲ್ಲಿ. ದೂರದ ಇಂಗ್ಲೆಂಡಿನೊಡನೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವೂ ಹಡಗಿನಲ್ಲಿತ್ತು, ಅದು ಕೆಲಸ ಮಾಡುತ್ತಿರುವಾಗ ಅದರದೇ ಅಲೆಗಳ ಗಲಾಟೆಯಲ್ಲಿ ಆಲಿಸುವ ಯಂತ್ರಕ್ಕೆ ಹೊರಗಿನದು ಕೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಬಾಗಿಲ ಗಂಟೆ ಕೇಳದ ಹಾಗೆ. ಗಂಟೆ ಕೆಟ್ಟಿಲ್ಲ, ಕಿವಿಯೂ ಕೆಟ್ಟಿಲ್ಲ. ಮೇ 4ರಂದು ದಾಳಿಯ ಹೊತ್ತಿಗೆ ಶೆಫೀಲ್ಡ್ ಉಪಗ್ರಹದ ಮೂಲಕ ಸಂದೇಶ ಕಳಿಸುತ್ತಿತ್ತು.

ಇನ್ನೊಂದು ಪದವನ್ನೂ ಇಲ್ಲೇ ತಿಳಿದುಕೊಂಡುಬಿಟ್ಟರೆ ಮುಂದೆ ಅನುಕೂಲ: ಚಾಫ್. ಲೋಹದ ಲೇಪವಿರುವ ಸಣ್ಣ ಸಣ್ಣ ಎಳೆಗಳನ್ನು ರಾಕೆಟ್ಟಿನಿಂದ ಆಕಾಶಕ್ಕೆ ಚಿಮ್ಮಿದರೆ ರೇಡಾರಿಗೆ ಅದೊಂದು ದೊಡ್ಡ ವಸ್ತುವಿನ ಹಾಗೆ ಕಾಣುತ್ತದೆ, ಹಡಗನ್ನು ಹುಡುಕಿ ಬಂದ ಕ್ಷಿಪಣಿ ಅತ್ತ ತಿರುಗುವ ಸಾಧ್ಯತೆ ಇರುತ್ತದೆ. ಚಾಮುಂಡಿ ಬೆಟ್ಟದ ಮಂಗಗಳಿಗೆ ಕಡಲೆಕಾಯಿ ಎಸೆದು ಕೈಚೀಲ ಉಳಿಸಿಕೊಳ್ಳುವ ಉಪಾಯ ಇದು. ಆದರೆ ಎಸೆಯಬೇಕಾದ್ದು ಮಂಗ ಚೀಲಕ್ಕೆ ಕೈ ಹಾಕುವ ಮೊದಲು.

ಮೇ 4ರ ಬೆಳಿಗ್ಗೆ

ಅರ್ಜೆಂಟೀನಾ ನೌಕಾಪಡೆಯ ಬಳಿ ಫ್ರಾನ್ಸ್‌ನಿಂದ ತರಿಸಿದ ಸೂಪರ್ ಎತಾಂದಾರ್ ವಿಮಾನಗಳಿದ್ದವು. ಅವುಗಳಿಂದ ಹಾರಿಸುವ ಎಕ್ಸೋಸೆಟ್ ಕ್ಷಿಪಣಿಗಳು ಇದ್ದದ್ದು ಒಟ್ಟು ಐದೇ ಐದು. ಯುದ್ಧ ಶುರುವಾದೊಡನೆ ಫ್ರಾನ್ಸ್ ಸರಬರಾಜು ನಿಲ್ಲಿಸಿತ್ತು. ಒಂದೊಂದರ ತೂಕ ಸುಮಾರು 655 ಕಿಲೋ, ಅದರಲ್ಲಿ ಸಿಡಿತಲೆಯ ಪಾಲು 165 ಕಿಲೋ. ವೇಗ ಶಬ್ದದ ವೇಗಕ್ಕಿಂತ ತುಸು ಕಡಿಮೆ. ಕೊನೆಯ ಹಂತದಲ್ಲಿ ಅದು ನೀರಿನಿಂದ ಕೆಲವೇ ಮೀಟರ್ ಮೇಲೆ ಹಾರುತ್ತದೆ.

ಬೆಳಿಗ್ಗೆ ಅರ್ಜೆಂಟೀನಾದ ಹಳೆಯ ನೆಪ್ಚೂನ್ ಗಸ್ತು ವಿಮಾನವೊಂದು ಬ್ರಿಟಿಷ್ ಹಡಗುಗಳ ಜಾಡು ಹಿಡಿಯಿತು. ದಕ್ಷಿಣದ ರಿಯೊ ಗ್ರಾಂದೆ ನೆಲೆಯಿಂದ ಎರಡು ಸೂಪರ್ ಎತಾಂದಾರ್‌ಗಳು ಹೊರಟವು, ಒಂದರಲ್ಲಿ ಅಗುಸ್ತೊ ಬೆದಾಕರಾತ್ಸ್, ಇನ್ನೊಂದರಲ್ಲಿ ಅರ್ಮಾಂದೊ ಮಯೋರಾ. ದಾರಿಯಲ್ಲಿ ಹರ್ಕ್ಯುಲಿಸ್ ವಿಮಾನವೊಂದು ಆಕಾಶದಲ್ಲೇ ಅವಕ್ಕೆ ಇಂಧನ ತುಂಬಿಸಿತು. ಈ ಇಂಧನದ ವಿಷಯವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಯಾಕೆಂದರೆ ಆ ವಿಮಾನಗಳು ತಮ್ಮವರೆಗೆ ಬಂದು ತಲುಪಲಾರವು ಎಂಬ ಭಾವನೆ ಶೆಫೀಲ್ಡ್‌ನಲ್ಲಿ ಬೇರೂರಿತ್ತು. ಅಲ್ಲಿ ಎಲ್ಲರ ತಲೆಯಲ್ಲಿದ್ದ ಭಯ ಜಲಾಂತರ್ಗಾಮಿಯದು.

ಪೈಲಟ್‌ಗಳು ನೀರಿಗೆ ಅಂಟಿಕೊಂಡಂತೆ ಹಾರಿ, ಕೊನೆಯಲ್ಲಿ ತುಸು ಮೇಲೆದ್ದು ರೇಡಾರ್ ಹಚ್ಚಿ ನೋಡಿದರು. ಆ ಒಂದು ಗಳಿಗೆಯ ಬೆಳಕು ಗ್ಲ್ಯಾಸ್ಗೊ ಹಡಗಿಗೆ ಸಿಕ್ಕಿತು. ಅದರ ಆಲಿಸುವ ಯಂತ್ರದ ಮುಂದೆ ಕುಳಿತವರು ಇದು ಸೂಪರ್ ಎತಾಂದಾರ್‌ನದೇ ರೇಡಾರ್ ಎಂದು ಗುರುತಿಸಿ ‘ಹ್ಯಾಂಡ್‌ಬ್ರೇಕ್’ ಎಂಬ ಸಂಕೇತಪದವನ್ನು ಕೂಗಿದರು. ಗ್ಲ್ಯಾಸ್ಗೊ ಕೂಡಲೇ ಚಾಫ್ ಚಿಮ್ಮಿ ಉಳಿದ ಹಡಗುಗಳಿಗೆಲ್ಲ ಸುದ್ದಿ ಮುಟ್ಟಿಸಿತು. ಆದರೆ ಇಡೀ ದಂಡಿನ ವಾಯುರಕ್ಷಣೆಯನ್ನು ಹೊಂದಿಸುತ್ತಿದ್ದದ್ದು ಇನ್ವಿನ್ಸಿಬಲ್ ಎಂಬ ಇನ್ನೊಂದು ವಿಮಾನವಾಹಕ. ಅಲ್ಲಿದ್ದವರ ಕಿವಿಗೆ ಆ ದಿನ ಅದಾಗಲೇ ಹಲವು ಸುಳ್ಳು ಎಚ್ಚರಿಕೆಗಳು ಬಿದ್ದಿದ್ದವು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕತೆ ನಮಗೆಲ್ಲ ಗೊತ್ತು. ಇಲ್ಲಿ ಹುಡುಗ ಸುಳ್ಳುಗಾರನಾಗಿರಲಿಲ್ಲ, ಕೇಳುವವರು ದಣಿದಿದ್ದರು. ಎಚ್ಚರಿಕೆಗೆ ದಂಡಿನ ಮಟ್ಟದಲ್ಲಿ ಬೆಲೆ ಸಿಗಲಿಲ್ಲ.

ಶೆಫೀಲ್ಡ್‌ನ ಒಳಗೆ ಏನು ನಡೆಯುತ್ತಿತ್ತು ಎಂದು ತಿಳಿಯಲು ಹಡಗಿನ ಎರಡು ಜಾಗಗಳ ಪರಿಚಯ ಬೇಕು. ಮೇಲೆ ಕಿಟಕಿಗಳಿರುವ ಬ್ರಿಜ್, ಹಡಗು ನಡೆಸುವವರು ಅಲ್ಲಿರುತ್ತಾರೆ. ಒಡಲಿನೊಳಗೆ ಕಾರ್ಯಾಚರಣಾ ಕೊಠಡಿ. ಅದಕ್ಕೆ ಕಿಟಕಿಯಿಲ್ಲ, ಮಬ್ಬುಗತ್ತಲು, ಪರದೆಗಳ ಮುಂದೆ ಕುಳಿತವರು, ಕಿವಿಯಲ್ಲಿ ಹೆಡ್‌ಫೋನು. ಯುದ್ಧ ನಡೆಯುವುದು ಈ ಕೊಠಡಿಯಿಂದ. ಇಲ್ಲಿ ಆಕಾಶದಿಂದ ಬರುವ ಅಪಾಯವನ್ನು ನೋಡಿಕೊಳ್ಳಲು ಒಬ್ಬ ವಾಯುರಕ್ಷಣಾ ಅಧಿಕಾರಿ, ಒಟ್ಟಾರೆ ಹೋರಾಟ ನೋಡಿಕೊಳ್ಳಲು ಇನ್ನೊಬ್ಬ ಅಧಿಕಾರಿ ಇರುತ್ತಾರೆ. ಆ ಹೊತ್ತಿಗೆ ಹಡಗು ಪೂರ್ಣ ಯುದ್ಧಸನ್ನದ್ಧ ಸ್ಥಿತಿಯಲ್ಲಿರಲಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಿತಿಯಲ್ಲಿತ್ತು, ಅಂದರೆ ಅರ್ಧ ಜನ ಕೆಲಸದಲ್ಲಿ, ಅರ್ಧ ಜನ ವಿಶ್ರಾಂತಿಯಲ್ಲಿ. ವಾರಗಟ್ಟಲೆ ಎಲ್ಲರೂ ಎಚ್ಚರವಿರಲು ಆಗದ್ದರಿಂದ ಇದು ವಾಡಿಕೆಯೇ.

ಮುಂದಿನದು ತನಿಖೆಯಿಂದ ತಿಳಿದದ್ದು. ವಾಯುರಕ್ಷಣಾ ಅಧಿಕಾರಿ ಕೊಠಡಿಯಿಂದ ಹೊರಬಂದು ಅಧಿಕಾರಿಗಳ ಊಟದ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವರ ಸಹಾಯಕ ಶೌಚಕ್ಕೆ ಹೋಗಿದ್ದ. ಕೊಠಡಿಯಲ್ಲಿದ್ದ ಇನ್ನೊಬ್ಬ ಅಧಿಕಾರಿ ಗ್ಲ್ಯಾಸ್ಗೊದ ಎಚ್ಚರಿಕೆಯ ನಂತರ ನಿಯಮದಂತೆ ನಡೆಯಬೇಕಾದ ಕ್ರಮಗಳನ್ನು ಕೈಗೊಳ್ಳಲಿಲ್ಲ. ಚಾಫ್ ಚಿಮ್ಮಲಿಲ್ಲ. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಓಡುವಂತೆ ಗಂಟೆ ಬಾರಿಸಲಿಲ್ಲ. ಕ್ಯಾಪ್ಟನ್ ಸಾಲ್ಟ್ ತಮ್ಮ ಕ್ಯಾಬಿನ್‌ನಲ್ಲಿದ್ದರು, ಅವರನ್ನು ಯಾರೂ ಕರೆಯಲಿಲ್ಲ. ಬ್ರಿಜ್ ಮೇಲಿದ್ದ ಅಧಿಕಾರಿಗಳಿಗೆ ಕಡಲಿನ ಮೇಲೆ ಹೊಗೆಯ ಗೆರೆ ಕಂಡಿತು, ಅದು ಕ್ಷಿಪಣಿಯೆಂದು ಅರ್ಥವೂ ಆಯಿತು. ಆದರೆ ಅವರು ನೋಡುತ್ತ ನಿಂತುಬಿಟ್ಟರು, ಹಡಗಿಗೆ ಎಚ್ಚರಿಕೆ ಹೋಗಲಿಲ್ಲ.

ವಿಮಾನಗಳು ಹಾರಿಸಿದ ಎರಡು ಕ್ಷಿಪಣಿಗಳಲ್ಲಿ ಒಂದು ಗುರಿ ತಪ್ಪಿ ನೀರಿಗೆ ಬಿತ್ತು. ಇನ್ನೊಂದು ಹಡಗಿನ ಬಲಮಗ್ಗುಲಿಗೆ, ನೀರಿನ ಮಟ್ಟದಿಂದ ಸುಮಾರು ಎರಡೂವರೆ ಮೀಟರ್ ಮೇಲೆ ಹೊಕ್ಕಿತು.

ಬೆಂಕಿ

ತೂತಿನ ಉದ್ದ ಸುಮಾರು ನಾಲ್ಕೂವರೆ ಮೀಟರ್, ಎತ್ತರ ಒಂದು ಮೀಟರಿಗೆ ತುಸು ಹೆಚ್ಚು. ಅಷ್ಟಕ್ಕೇ ಹಡಗು ಮುಳುಗಬೇಕಾಗಿರಲಿಲ್ಲ. ಆದರೆ ಕ್ಷಿಪಣಿ ಹೊಕ್ಕ ಜಾಗದಲ್ಲಿ ಅಡುಗೆಮನೆಯಿತ್ತು, ಕಾರ್ಯಾಚರಣೆಯ ಕಂಪ್ಯೂಟರ್ ಕೋಣೆ ಹತ್ತಿರದಲ್ಲಿತ್ತು, ಬೆಂಕಿ ಆರಿಸುವ ನೀರಿನ ಮುಖ್ಯ ಕೊಳವೆ ಅಲ್ಲೇ ಹಾದುಹೋಗಿತ್ತು. ಕೊಳವೆ ಒಡೆಯಿತು, ನೀರಿನ ಒತ್ತಡವೇ ಇಲ್ಲವಾಯಿತು. ಕ್ಷಿಪಣಿಯಲ್ಲಿ ಇನ್ನೂ ಉರಿಯದೆ ಉಳಿದಿದ್ದ ಇಂಧನ ಹೊತ್ತಿಕೊಂಡು ಕೆಲವೇ ಕ್ಷಣಗಳಲ್ಲಿ ಕಪ್ಪುಹೊಗೆ ಹಡಗಿನ ನಡುಭಾಗವನ್ನು ತುಂಬಿತು. ಎಚ್‌ಎಂಎಸ್ ಯಾರ್ಮತ್ ಮತ್ತು ಆ್ಯರೋ ಹಡಗುಗಳು ಪಕ್ಕಕ್ಕೆ ಬಂದು ನೀರು ಹಾಯಿಸಿದವು, ಹೆಲಿಕಾಪ್ಟರ್‌ಗಳು ಪಂಪು ತಂದಿಳಿಸಿದವು. ನಾಲ್ಕೈದು ಗಂಟೆ ಹೆಣಗಿದ ಮೇಲೆ, ಬೆಂಕಿ ಸೀ ಡಾರ್ಟ್ ಕ್ಷಿಪಣಿಗಳ ಕೋಠಿಯ ಕಡೆ ಹರಿಯುವ ಅಪಾಯವಿದ್ದಾಗ, ಹಡಗನ್ನು ಬಿಟ್ಟಿಳಿಯುವಂತೆ ಸಾಲ್ಟ್ ಆಜ್ಞೆ ಕೊಟ್ಟರು. ಗಾಯಾಳುಗಳನ್ನು ಹೆಲಿಕಾಪ್ಟರ್‌ನಲ್ಲಿ ಹರ್ಮೀಸ್‌ಗೆ ಒಯ್ದರು, ನಮ್ಮ ಮುಂದಿನ ವಿರಾಟ್‌ಗೆ.

ಸತ್ತವರು 20 ಮಂದಿ. ಅವರಲ್ಲಿ ಹಲವರು ಅಡುಗೆಯವರು. ಹಾಂಗ್‌ಕಾಂಗ್‌ನಿಂದ ಬಂದು ಹಡಗಿನಲ್ಲಿ ಬಟ್ಟೆ ಒಗೆಯುತ್ತಿದ್ದವನೊಬ್ಬ. ಲೆಫ್ಟಿನೆಂಟ್ ಕಮಾಂಡರ್ ಜಾನ್ ವುಡ್‌ಹೆಡ್ ಮತ್ತು ಅವರ ಜೊತೆಯವರು ಕಂಪ್ಯೂಟರ್‌ಗಳನ್ನು ನಡೆಸುತ್ತಲೇ ಇರಲು ಹೊಗೆಯೊಳಗೆ ಉಳಿದು ಅಲ್ಲೇ ಪ್ರಾಣಬಿಟ್ಟರು. ಅವರಿಗೆ ಮರಣೋತ್ತರ ಶೌರ್ಯಪದಕ ಬಂತು. ಉಪಕರಣ ತರಲು ಮತ್ತೆ ಮತ್ತೆ ಹೊಗೆಯೊಳಕ್ಕೆ ಹೋದ ಪೆಟ್ಟಿ ಆಫೀಸರ್ ಡೇವಿಡ್ ಬ್ರಿಗ್ಸ್ ಅವರಿಗೂ ಹಾಗೆಯೇ.

ಸುಟ್ಟ ಹಡಗು ಆರು ದಿನ ತೇಲಿತು. ಯಾರ್ಮತ್ ಅದನ್ನು ಹಗ್ಗ ಕಟ್ಟಿ ಎಳೆದೊಯ್ಯುತ್ತಿದ್ದಾಗ ಕಡಲು ಒರಟಾಗಿ, ಆ ತೂತಿನಿಂದ ನೀರು ನುಗ್ಗಿ, ಮೇ 10ರಂದು ಶೆಫೀಲ್ಡ್ ಮುಳುಗಿತು. ಹಡಗಿನ ಮೇಲ್ಭಾಗ ಅಲ್ಯೂಮಿನಿಯಂನದಾಗಿದ್ದರಿಂದ ಕರಗಿ ಉರಿದುಹೋಯಿತು ಎಂಬ ಮಾತು ಈಗಲೂ ಅಲ್ಲಲ್ಲಿ ಓದಲು ಸಿಗುತ್ತದೆ. ಅದು ತಪ್ಪು. ಟೈಪ್ 42ರ ಮೇಲ್ಭಾಗ ಉಕ್ಕಿನದು. ಅಲ್ಯೂಮಿನಿಯಂ ಬಳಸಿದ್ದು ಆ್ಯರೋದಂಥ ಟೈಪ್ 21 ಹಡಗುಗಳಲ್ಲಿ. ಸಿಡಿತಲೆ ಸಿಡಿಯಲೇ ಇಲ್ಲ ಎಂಬುದು 1982ರ ತನಿಖೆಯ ಅಭಿಪ್ರಾಯವಾಗಿತ್ತು, ಅದೂ ನಿಲ್ಲಲಿಲ್ಲ. ಹೊಸ ವಿಶ್ಲೇಷಣಾ ವಿಧಾನಗಳಿಂದ ಮತ್ತೆ ಪರಿಶೀಲಿಸಿದ ಬ್ರಿಟಿಷ್ ರಕ್ಷಣಾ ಇಲಾಖೆಯ ತಜ್ಞರು ಅದು ಹಡಗಿನೊಳಗೆ ಸಿಡಿದಿತ್ತೆಂದು 2015ರಲ್ಲಿ ತೀರ್ಮಾನಿಸಿದರು.

ಈ ಹಡಗಿನಿಂದ ಕಲಿತದ್ದನ್ನು ಹೇಳುವುದಾದರೆ ನಾವಿಕರ ಉಡುಪಿನಿಂದಲೇ ಶುರುಮಾಡಬೇಕು. ಅವರು ತೊಡುತ್ತಿದ್ದ ಕೃತಕ ನೂಲಿನ ಬಟ್ಟೆ ಬೆಂಕಿಯ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತಿತ್ತು, ಅದನ್ನು ಬದಲಿಸಿದರು. ಹೊಗೆ ತಡೆಯುವ ಪರದೆಗಳು, ಉಸಿರಾಟದ ಸಾಧನಗಳು, ಹೊತ್ತೊಯ್ಯಬಲ್ಲ ಪಂಪುಗಳು ಹೆಚ್ಚಾದವು. ಹತ್ತಿರ ಬಂದ ಕ್ಷಿಪಣಿಯನ್ನು ಕೊನೆಯ ಗಳಿಗೆಯಲ್ಲಿ ಗುಂಡಿನ ಸುರಿಮಳೆಯಿಂದ ಹೊಡೆಯುವ ಸ್ವಯಂಚಾಲಿತ ತೋಪುಗಳು ಹಡಗುಗಳಿಗೆ ಬಂದವು. ಸೀ ಕಿಂಗ್ ಹೆಲಿಕಾಪ್ಟರ್‌ಗಳಿಗೆ ತರಾತುರಿಯಲ್ಲಿ ರೇಡಾರ್ ಜೋಡಿಸಿ ಆಕಾಶದ ಕಣ್ಣನ್ನು ಮರಳಿ ಪಡೆದರು.

ತನಿಖೆ ಹೇಳಿದ್ದೇನು

ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಬಿಡಿಸಿ ನೋಡಬೇಕು. ತನಿಖಾ ಮಂಡಳಿ ಎಂದರೆ ಏನಾಯಿತು, ಯಾಕಾಯಿತು ಎಂದು ತಿಳಿಯಲು ಕೂರುವ ಹಿರಿಯ ಅಧಿಕಾರಿಗಳ ಕೂಟ. ಅದು ಶಿಕ್ಷೆ ಕೊಡುವುದಿಲ್ಲ. ಕೋರ್ಟ್ ಮಾರ್ಷಲ್ ಎಂದರೆ ಸೇನೆಯ ನ್ಯಾಯಾಲಯ. ಅಲ್ಲಿ ಆರೋಪಪಟ್ಟಿ, ವಕೀಲರು, ಸಾಕ್ಷಿ, ತೀರ್ಪು ಎಲ್ಲ ಇರುತ್ತದೆ. ಬ್ರಿಟಿಷ್ ನೌಕಾಪಡೆಯಲ್ಲಿ ಹಿಂದೆ ಹಡಗು ಕಳೆದುಕೊಂಡ ಕ್ಯಾಪ್ಟನ್ ಕೋರ್ಟ್ ಮಾರ್ಷಲ್‌ಗೆ ನಿಲ್ಲುವುದೇ ವಾಡಿಕೆಯಾಗಿತ್ತು. ಬಂಡಾಯಗಾರರು ಬೌಂಟಿ ಹಡಗನ್ನು ಕಿತ್ತುಕೊಂಡು ವಿಲಿಯಂ ಬ್ಲೈ ಅವರನ್ನು ದೋಣಿಯಲ್ಲಿ ಬಿಟ್ಟಾಗಲೂ, ಊರಿಗೆ ಮರಳಿದ ಬ್ಲೈ 1790ರಲ್ಲಿ ನ್ಯಾಯಾಲಯದ ಮುಂದೆ ನಿಂತು ನಿರ್ದೋಷಿಯೆನಿಸಿಕೊಳ್ಳಬೇಕಾಯಿತು. ಕೇಳಲು ಕ್ರೂರವೆನಿಸಿದರೂ ಆ ಪದ್ಧತಿಯಿಂದ ಒಂದು ಲಾಭವಿತ್ತು: ತಪ್ಪಿಲ್ಲದವನಿಗೆ ತಪ್ಪಿಲ್ಲವೆಂದು ಬಹಿರಂಗವಾಗಿ ಬರೆದ ಕಾಗದ ಸಿಗುತ್ತಿತ್ತು.

ಶೆಫೀಲ್ಡ್‌ನ ವಿಷಯದಲ್ಲಿ ನಡೆದದ್ದು ತನಿಖಾ ಮಂಡಳಿ ಮಾತ್ರ. ಕಾರ್ಯಾಚರಣಾ ಕೊಠಡಿಯ ಹೊಣೆ ಹೊತ್ತಿದ್ದ ಆ ಇಬ್ಬರು ಅಧಿಕಾರಿಗಳ ನಡತೆಯಲ್ಲಿ ಕರ್ತವ್ಯದ ನಿರ್ಲಕ್ಷ್ಯವಿತ್ತೆಂದು ಮಂಡಳಿ ಕಂಡುಕೊಂಡಿತು. ಬೆಂಕಿ ಆರಿಸುವ ಕೆಲಸದಲ್ಲಿ ಹೊಂದಾಣಿಕೆ ಇರಲಿಲ್ಲವೆಂದಿತು. ಕ್ಯಾಪ್ಟನ್ ಜಲಾಂತರ್ಗಾಮಿಗಳಿಂದ ಬಂದವರು, ಹುದ್ದೆಯಲ್ಲಿ ಅವರ ನಂತರದ ಅಧಿಕಾರಿ ಹೆಲಿಕಾಪ್ಟರ್ ವಿಭಾಗದವರು, ಇಬ್ಬರಿಗೂ ನೀರಿನ ಮೇಲಿನ ಹಡಗಿನ ಇತ್ತೀಚಿನ ಅನುಭವ ಸಾಲದಾಗಿತ್ತು ಎಂದೂ ಬರೆಯಿತು. 1982ರ ಸೆಪ್ಟೆಂಬರ್‌ನಲ್ಲಿ, ದಂಡಯಾತ್ರೆಯ ಒಟ್ಟು ನಾಯಕರಾಗಿದ್ದ ಅಡ್ಮಿರಲ್ ಜಾನ್ ಫೀಲ್ಡ್‌ಹೌಸ್ ಅವರು ಯಾರ ಮೇಲೂ ಕೋರ್ಟ್ ಮಾರ್ಷಲ್ ಬೇಡವೆಂದು ನಿರ್ಧರಿಸಿದರು. ಮೂರೇ ತಿಂಗಳ ಹಿಂದೆ, ಜೂನ್ 14ರಂದು, ಯುದ್ಧ ಗೆದ್ದ ದೇಶ ಇನ್ನೂ ಸಂಭ್ರಮದಲ್ಲಿತ್ತು. ವರದಿ ಬೀರು ಸೇರಿತು. 2006ರಲ್ಲಿ ಪ್ರಕಟವಾದ ಪ್ರತಿಯಲ್ಲಿ ಮುಖ್ಯವಾದ ಭಾಗಗಳನ್ನು ಕಪ್ಪು ಬಳಿದು ಮುಚ್ಚಿದ್ದರು. ಮುಚ್ಚದ ಪಾಠದಲ್ಲಿ ಏನಿದೆ ಎಂಬುದು ಪತ್ರಿಕೆಯ ಮೂಲಕ ಸಾರ್ವಜನಿಕರಿಗೆ ತಿಳಿದದ್ದು 2017ರಲ್ಲಿ.

ಕ್ಯಾಪ್ಟನ್‌ನ ಹೆಸರು

ಹೊಣೆ ಬೇರೆ, ತಪ್ಪು ಬೇರೆ. ಮನೆಯ ಯಜಮಾನ ಊರಲ್ಲಿಲ್ಲದಾಗ ಮಗ ಮಾಡಿದ ಸಾಲಕ್ಕೆ ಊರವರು ಯಜಮಾನನನ್ನೇ ಕೇಳುತ್ತಾರೆ. ಸಾಲ ಮಾಡಿದ್ದು ಅವನಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದೇ ಕೇಳುತ್ತಾರೆ. ಹಡಗಿನಲ್ಲಿ ಈ ನಿಯಮ ಇನ್ನೂ ಬಿಗಿ. ಕ್ಯಾಪ್ಟನ್ ನಿದ್ದೆಯಲ್ಲಿದ್ದರೂ ಹಡಗಿನಲ್ಲಿ ಆಗುವುದಕ್ಕೆಲ್ಲ ಹೊಣೆ ಅವರದೇ. ಆ ಬೆಳಿಗ್ಗೆಯ ತಪ್ಪುಗಳು ಸಾಲ್ಟ್ ಅವರ ಕೈಯಿಂದ ಆದವಲ್ಲ, ಅವರನ್ನು ಕರೆಯಲೂ ಇಲ್ಲ. ಹಾಗಿದ್ದರೂ ಉಪಗ್ರಹ ಸಂಪರ್ಕವನ್ನು ಯಾವಾಗ ಬಳಸಬೇಕು, ಎಚ್ಚರದ ಮಟ್ಟ ಎಷ್ಟಿರಬೇಕು, ಯಾವ ಅಪಾಯವನ್ನು ಹೆಚ್ಚೆಂದು ತಿಳಿಯಬೇಕು, ಯಾವ ಸಂದರ್ಭದಲ್ಲಿ ತಮ್ಮನ್ನು ಕರೆಯಲೇಬೇಕು ಎಂಬ ರೂಢಿಗಳು ಹಡಗಿನಲ್ಲಿ ಬೆಳೆಯುವುದು ಕ್ಯಾಪ್ಟನ್‌ನ ನೆರಳಿನಲ್ಲಿಯೇ. ಅವರ ಹೆಸರಿನ ಸುತ್ತ ಉಳಿದ ಪ್ರಶ್ನೆ ಇಷ್ಟರದು.

ಬೇರೆಯವರ ಗತಿ ಹೀಗಾಗಿರಲಿಲ್ಲ. 1945ರ ಜುಲೈ 30ರಂದು ಜಪಾನಿನ ಜಲಾಂತರ್ಗಾಮಿ ಅಮೆರಿಕದ ಇಂಡಿಯಾನಾಪೊಲಿಸ್ ಕ್ರೂಸರನ್ನು ಮುಳುಗಿಸಿದಾಗ, ಸುಮಾರು 1,195 ಮಂದಿಯಲ್ಲಿ ಬದುಕಿದ್ದು 316. ಕ್ಯಾಪ್ಟನ್ ಚಾರ್ಲ್ಸ್ ಮೆಕ್‌ವೇ ಹಡಗನ್ನು ಅಂಕುಡೊಂಕಾಗಿ ನಡೆಸಲಿಲ್ಲವೆಂದು ಕೋರ್ಟ್ ಮಾರ್ಷಲ್ ನಡೆದು ಅಪರಾಧಿಯೆಂದರು. ಹೇಗೆ ನಡೆಸಿದ್ದರೂ ನಾನು ಹೊಡೆಯುತ್ತಿದ್ದೆ ಎಂಬರ್ಥದಲ್ಲಿ ಜಪಾನಿ ಕಮಾಂಡರನೇ ಸಾಕ್ಷಿ ಹೇಳಿದ್ದೂ ನೆರವಾಗಲಿಲ್ಲ. ಮೆಕ್‌ವೇ 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅಮೆರಿಕದ ಸಂಸತ್ತು ಅವರನ್ನು ದೋಷಮುಕ್ತರೆಂದದ್ದು 2000ದಲ್ಲಿ.

ನಮ್ಮಲ್ಲಿ 1971ರ ಡಿಸೆಂಬರ್ 9ರಂದು ದಿಯು ಸಮೀಪ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಅದು ಡೆಸ್ಟ್ರಾಯರ್‌ಗಿಂತ ಚಿಕ್ಕದಾದ ಫ್ರಿಗೇಟ್. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡದೆ ಅದರೊಡನೆಯೇ ಮುಳುಗಿದರು, ಮರಣೋತ್ತರ ಮಹಾವೀರ ಚಕ್ರ ಪಡೆದರು. ಹಡಗು ಆ ರಾತ್ರಿ ಅಷ್ಟು ನಿಧಾನವಾಗಿ ಸಾಗುತ್ತಿದ್ದದ್ದೇಕೆ ಎಂಬಂಥ ಪ್ರಶ್ನೆಗಳು ನಂತರದ ದಶಕಗಳಲ್ಲಿ ಎದ್ದವು, ಮುಲ್ಲಾ ಅವರ ಹೆಸರು ಮಾತ್ರ ಜನರ ಮನಸ್ಸಿನಲ್ಲಿ ಧೈರ್ಯದ ಹೆಸರಾಗಿಯೇ ನಿಂತಿದೆ.

ಸಾಲ್ಟ್‌ಗೆ ಸಿಕ್ಕಿದ್ದು ಇವೆರಡೂ ಅಲ್ಲ. ಅವರಿಗೆ ಶಿಕ್ಷೆಯಾಗಲಿಲ್ಲ, ಬಡ್ತಿ ನಿಲ್ಲಲಿಲ್ಲ, ರಿಯರ್ ಅಡ್ಮಿರಲ್ ಹುದ್ದೆಯವರೆಗೂ ಏರಿದರು. ನೌಕಾಪಡೆ ಅವರ ಮೇಲೆ ನಂಬಿಕೆ ಉಳಿಸಿಕೊಂಡಿತ್ತು ಎನ್ನಲು ಅಷ್ಟು ಸಾಕು. ಆದರೆ ತೆರೆದ ನ್ಯಾಯಾಲಯದಲ್ಲಿ ಯಾವುದೂ ಇತ್ಯರ್ಥವಾಗದ್ದರಿಂದ, ಕೊಠಡಿಯಲ್ಲಿ ಯಾರಿದ್ದರು ಯಾರಿರಲಿಲ್ಲ ಎಂಬುದು ಹೊರಗಿನವರಿಗೆ ತಿಳಿಯದೆ, ಹಡಗು ಕಳೆದುಕೊಂಡ ಕ್ಯಾಪ್ಟನ್ ಎಂಬ ಗುರುತೇ ಅವರ ಬೆನ್ನಿಗಿತ್ತು. ಗ್ಲ್ಯಾಸ್ಗೊದ ಎಚ್ಚರಿಕೆಗೆ ಇನ್ವಿನ್ಸಿಬಲ್‌ನಲ್ಲಿ ಬೆಲೆ ಸಿಗದಿದ್ದದ್ದು, ಆಕಾಶದ ರೇಡಾರ್ ಕೈಬಿಟ್ಟದ್ದು, ಒಂದಕ್ಕೊಂದು ಹೊಂದದ ಯಂತ್ರಗಳನ್ನು ಒಂದೇ ಹಡಗಿಗೆ ಏರಿಸಿದ್ದು, ಇವಾವುವೂ ಆ ಒಂದು ಸಾಲಿನ ಗುರುತಿನೊಳಗೆ ಬರುವುದಿಲ್ಲ.

ಸಾಲ್ಟ್ 1940ರ ಏಪ್ರಿಲ್‌ನಲ್ಲಿ ಹುಟ್ಟಿದವರು. ಅವರು ಕೆಲವೇ ತಿಂಗಳ ಕೂಸಾಗಿದ್ದಾಗ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಅವರ ತಂದೆ ನಡೆಸುತ್ತಿದ್ದ ಟ್ರಯಾಡ್ ಎಂಬ ಜಲಾಂತರ್ಗಾಮಿ ಮೆಡಿಟರೇನಿಯನ್‌ನಲ್ಲಿ ಒಳಗಿದ್ದ ಎಲ್ಲರೊಡನೆ ಮುಳುಗಿತ್ತು. ಮಗನೂ ಜಲಾಂತರ್ಗಾಮಿಗಳ ಕೆಲಸವನ್ನೇ ಹಿಡಿದು, ಅಲ್ಲಿಂದ ಶೆಫೀಲ್ಡ್‌ಗೆ ಬಂದಿದ್ದರು. 2009ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ವರದಿಯ ಮುಚ್ಚಿದ ಪುಟಗಳಲ್ಲಿದ್ದದ್ದು ಪತ್ರಿಕೆಗೆ ಬರಲು ಆಗ ಇನ್ನೂ ಎಂಟು ವರ್ಷ ಬಾಕಿಯಿತ್ತು. ಶೆಫೀಲ್ಡ್‌ನ ಅವಶೇಷ ಈಗ ಬ್ರಿಟಿಷ್ ಕಾನೂನಿನಂತೆ ರಕ್ಷಿತ ಯುದ್ಧಸಮಾಧಿ.